ಜೇನುತುಪ್ಪ ಮತ್ತು ಬಾಯಿಯ ಕ್ಯಾನ್ಸರ್: ಚಳ್ಳಕೆರೆಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಸೋದರಮಾವನವರಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಇರುವುದು ಬಯಾಪ್ಸಿಯಿಂದ ಖಚಿತವಾಗಿದೆಯೆಂದೂ, ದಾವಣಗೆರೆಯ ವೈದ್ಯರು ರೇಡಿಯೇಷನ್‌ಗೆ ದಿನ ಗೊತ್ತುಮಾಡಿದ್ದಾರೆಂದೂ, ಆದರೆ ಜೇನುತುಪ್ಪದಲ್ಲಿ ದಾಲ್ಚಿನ್ನಿ ಪುಡಿ ಕಲಸಿ ಒಂದು ತಿಂಗಳು ಸೇವಿಸಿದರೆ ಗಡ್ಡೆ ಕರಗುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ ಮನೆಯ ಹಿರಿಯರು ಚಿಕಿತ್ಸೆಯನ್ನು ಮುಂದೂಡುವ ಮಾತಾಡುತ್ತಿದ್ದಾರೆಂದೂ ಬರೆದಿದ್ದೀರಿ. ಪರಿಚಿತರು ಜೋಗಿಮಟ್ಟಿ ಕಡೆಯಿಂದ ತಂದುಕೊಟ್ಟ ಹೆಜ್ಜೇನಿನ ತುಪ್ಪ ಮನೆಯಲ್ಲೇ ಇದೆ, ಜೇನು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಂದು ವಿಜ್ಞಾನಿಗಳೇ ಹೇಳಿರುವಾಗ ಒಂದು ತಿಂಗಳು ನೋಡಿದರೆ ತಪ್ಪೇನು ಎಂಬುದು ತಮ್ಮ ಪ್ರಶ್ನೆ.

ದಯವಿಟ್ಟು ಗೊತ್ತುಮಾಡಿದ ದಿನವನ್ನು ತಪ್ಪಿಸಬೇಡಿ. ಬಾಯಿಯ ಕ್ಯಾನ್ಸರ್ ಕತ್ತಿನ ಗಂಟುಗಳಿಗೆ ಹಬ್ಬುವ ಸ್ವಭಾವದ್ದು, ಅದು ನಮ್ಮ ಪ್ರಯೋಗ ಮುಗಿಯುವವರೆಗೆ ಕಾಯುವುದಿಲ್ಲ.

ವಿಜ್ಞಾನಿಗಳ ಹೆಸರಿನಲ್ಲಿ ಹರಿದಾಡುವ ಮಾತು ಪೂರ್ತಿ ಸುಳ್ಳಲ್ಲ. ಮಲೇಷ್ಯಾದ ಟುವಾಲಂಗ್ ಜೇನನ್ನು, ನ್ಯೂಜಿಲೆಂಡಿನ ಮನುಕಾ ಜೇನನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದಾಗ ಆ ಕೋಶಗಳು ಸತ್ತದ್ದು ಹೌದು. ಅವುಗಳಲ್ಲಿ ಬಾಯಿಯ ಕ್ಯಾನ್ಸರಿನ ಕೋಶಗಳೂ ಇದ್ದವು. ಟುವಾಲಂಗ್ ಮರದಲ್ಲಿ ಆ ಜೇನನ್ನು ಕಟ್ಟುವುದು ಕೂಡ ಹೆಜ್ಜೇನೇ ಆದ್ದರಿಂದ ತಮ್ಮ ಹಿರಿಯರ ನಂಬಿಕೆ ಇನ್ನಷ್ಟು ಗಟ್ಟಿಯಾದೀತು. ಆದರೆ ಗಾಜಿನ ತಟ್ಟೆಯಲ್ಲಿ ಕೋಶಗಳು ಜೇನಿನ ದ್ರಾವಣದಲ್ಲೇ ಗಂಟೆಗಟ್ಟಲೆ ಮುಳುಗಿರುತ್ತವೆ. ಜೇನಿನ ಸುಮಾರು ಶೇ. 80ರಷ್ಟು ಭಾಗ ಸಕ್ಕರೆಯೇ ಆಗಿರುವುದರಿಂದ ಆ ಗಾಢತೆಯೂ, ಜೇನಿನಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಅಲ್ಲಿ ಕೋಶಗಳಿಗೆ ಪೆಟ್ಟು ಕೊಡಬಲ್ಲವು. ನಾವು ನುಂಗಿದ ಜೇನಿನ ಕಥೆ ಬೇರೆ. ಸಕ್ಕರೆ ಜೀರ್ಣವಾಗಿ ಮೈಗೆ ಸೇರುತ್ತದೆ. ಜೇನಿನಲ್ಲಿ ಸಂಶೋಧಕರು ಮೆಚ್ಚುವ, ಕ್ರೈಸಿನ್ ಎಂಬ ಸಸ್ಯಜನ್ಯ ವಸ್ತುವಿನಂತಹ ಅಂಶಗಳು ಮೊದಲೇ ಅತ್ಯಲ್ಪ, ಅವೂ ಕರುಳು ಮತ್ತು ಯಕೃತ್ತಿನಲ್ಲಿ ರೂಪಾಂತರಗೊಂಡು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜೇನು ತಿಂದದ್ದರಿಂದ ಮನುಷ್ಯರ ಗಡ್ಡೆ ಕರಗಿತೆಂದು ಸಾಬೀತುಪಡಿಸಿದ ಕ್ಲಿನಿಕಲ್ ಪ್ರಯೋಗ ಇಲ್ಲ. ದಾಲ್ಚಿನ್ನಿ ಬೆರೆಸಿದ ಮಾತ್ರಕ್ಕೆ ಈ ಸ್ಥಿತಿ ಬದಲಾಗುವುದಿಲ್ಲ.

ಹಾಗೆಂದು ಮನೆಯಲ್ಲಿರುವ ಜೇನನ್ನು ಎತ್ತಿಡಬೇಕಾಗಿಲ್ಲ. ರೇಡಿಯೇಷನ್ ಶುರುವಾದ ಎರಡು ಮೂರನೆಯ ವಾರದ ಹೊತ್ತಿಗೆ ಬಾಯೊಳಗಿನ ಪೊರೆ ಕೆಂಪಾಗಿ ಹುಣ್ಣಾಗುತ್ತದೆ; ಮಂಡಕ್ಕಿ ಮೆಣಸಿನಕಾಯಿಯ ಮಾತು ಹಾಗಿರಲಿ, ತಿಳಿಮಜ್ಜಿಗೆಯೂ ಉರಿಯುತ್ತದೆ, ರಾಗಿ ಗಂಜಿಯ ಗುಟುಕೂ ಗಂಟಲಲ್ಲಿ ಇಳಿಯುವುದಿಲ್ಲ. ಎಷ್ಟೋ ಜನರ ಚಿಕಿತ್ಸೆ ನಡುವೆ ನಿಲ್ಲುವುದು ಇದರಿಂದಲೇ. ಮಲೇಷ್ಯಾದಲ್ಲಿ 40 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರತಿ ಬಾರಿ 20 ಮಿ.ಲೀ. ಜೇನನ್ನು ರೇಡಿಯೇಷನ್‌ಗೆ 15 ನಿಮಿಷ ಮೊದಲು, ಮುಗಿದ 15 ನಿಮಿಷಕ್ಕೆ, ಮತ್ತೆ 6 ಗಂಟೆಯ ನಂತರ ಕೊಟ್ಟಾಗ ತೀವ್ರ ಹುಣ್ಣುಗಳು ಕಡಿಮೆಯಾದವು. ಇಂತಹ ಅಧ್ಯಯನಗಳನ್ನು ಪರಿಶೀಲಿಸಿಯೇ 2020ರ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ, ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುವವರಲ್ಲಿ ಹುಣ್ಣು ತಡೆಯಲು ಜೇನನ್ನು ಸೂಚಿಸಿದೆ. ಅಂದರೆ ತಮ್ಮ ಹಿರಿಯರು ಯಾವ ಚಿಕಿತ್ಸೆಯ ಬದಲಿಗೆ ಜೇನನ್ನು ಕೊಡಲು ಹೊರಟಿದ್ದಾರೋ, ಜೇನು ಉಪಕಾರಕ್ಕೆ ಬರುವುದು ಆ ಚಿಕಿತ್ಸೆಯ ಜೊತೆಯಲ್ಲಿಯೇ. ಈ ಮಾತನ್ನು ಅವರಿಗೆ ಹೀಗೆಯೇ ಹೇಳಿ ನೋಡಿ. ಜೇನನ್ನು ಹಳಿಯದೆ ಹೇಳಿದರೆ ಕಿವಿಗೊಟ್ಟಾರು.

ಜೇನಿನ ಶುದ್ಧತೆಯ ಬಗ್ಗೆಯೂ ಕೇಳಿದ್ದೀರಿ. ಬೆಂಕಿಕಡ್ಡಿ ಅದ್ದಿ ಗೀರುವುದು, ನೀರಿನ ಲೋಟಕ್ಕೆ ಬಿಡುವುದು ಮುಂತಾದ ಮನೆಯ ಪರೀಕ್ಷೆಗಳಿಂದ ಇಂದಿನ ಕಲಬೆರಕೆ ಪತ್ತೆಯಾಗುವುದಿಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2020ರಲ್ಲಿ 13 ಬ್ರ್ಯಾಂಡ್‌ಗಳನ್ನು ಸಕ್ಕರೆ ಪಾಕದ ಕಲಬೆರಕೆ ಹಿಡಿಯುವ ಎನ್‌ಎಂಆರ್ ಎಂಬ ಪ್ರಯೋಗಾಲಯದ ಪರೀಕ್ಷೆಗೆ ಒಳಪಡಿಸಿದಾಗ 10 ಅನುತ್ತೀರ್ಣವಾದವು. ಗಟ್ಟಿಯಾದ ಜೇನೆಲ್ಲ ಕಲಬೆರಕೆಯೆಂಬುದೂ ತಪ್ಪು. ಸೂರ್ಯಕಾಂತಿ ಹೂವಿನ ಜೇನು ಬೇಗ ಹರಳುಗಟ್ಟುತ್ತದೆ.

ಮಾವನವರಿಗೆ ಸಕ್ಕರೆ ಕಾಯಿಲೆಯಿದ್ದರೆ ದಿನಕ್ಕೆ 60 ಮಿ.ಲೀ. ಜೇನು ಸಣ್ಣ ಸಂಗತಿಯಲ್ಲ. ಕಿಮೋಥೆರಪಿಯಿಂದ ಬಿಳಿ ರಕ್ತಕಣಗಳು ಇಳಿದಿರುವಾಗ ಹಸಿ ಜೇನು ಬೇಡವೆನ್ನುವ ವೈದ್ಯರೂ ಇದ್ದಾರೆ. ಆದ್ದರಿಂದ ಶುರುಮಾಡುವ ಮೊದಲು ರೇಡಿಯೇಷನ್ ವೈದ್ಯರನ್ನು ಕೇಳಿ. ರೇಡಿಯೇಷನ್‌ನಿಂದ ಜೊಲ್ಲು ಕಡಿಮೆಯಾಗಿ ಹಲ್ಲು ಬೇಗ ಹುಳುಕಾಗುವುದರಿಂದ, ಮೊದಲ ದಿನಕ್ಕೆ ಮುಂಚೆಯೇ ದಂತವೈದ್ಯರಿಗೆ ತೋರಿಸಿ, ಕೀಳಬೇಕಾದ ಹಲ್ಲುಗಳಿದ್ದರೆ ಆಗಲೇ ಕೀಳಿಸುವುದು ಒಳ್ಳೆಯದು.

— ಸಂಪಾದಕ