ಪರದೆಯಲ್ಲಿ ಹಸಿರು, ಶೆಡ್ಡಿನಲ್ಲಿ ತುಕ್ಕು

ಪ್ರಶ್ನೆ: ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ಕಳೆದ ವರ್ಷ ಯಾವ ಕೆಲಸ ಯಾವ ದಿನದಿಂದ ಯಾವ ದಿನದ ತನಕ ಎಂದು ಅಡ್ಡಪಟ್ಟಿ ಎಳೆದು ಹೇಳುವ ಗ್ಯಾಂಟ್ ಚಾರ್ಟ್ ತೋರಿಸುವ ಸಾಫ್ಟ್‌ವೇರ್ ಹಾಕಿಸಿದೆವು. ಅಚ್ಚು ಮಾಡುವ ಮೋಲ್ಡಿಂಗ್‌ನಿಂದ ಡಿಸ್‌ಪ್ಯಾಚ್ ತನಕ ಪ್ರತಿ ಜಾಬ್‌ಗೂ ಪಟ್ಟಿ ಇದೆ, ಬಹುಪಾಲು ಹಸಿರೇ. ಆದರೂ ಮಾಲು ಹೇಳಿದ ದಿನಕ್ಕೆ ಹೋಗುತ್ತಿಲ್ಲ. ಇದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಯಾವುದು?

ಈ ಮಳೆಗಾಲದಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ ಬಂದಿದೆ. ಕೇಳಿದವರು ಬೇರೆ ಬೇರೆ, ಕೊನೆಯ ವಾಕ್ಯ ಮಾತ್ರ ಒಂದೇ. ಸಾಫ್ಟ್‌ವೇರ್ ಹೆಸರು ನಾನು ಹೇಳುವುದಿಲ್ಲ. ಕುರ್ಚಿ ಬಿಟ್ಟೆದ್ದು, ಎರಕದ ಪೀಸುಗಳ ಅಂಚು ಉಜ್ಜಿ ನಯ ಮಾಡುವ ಫೆಟ್ಲಿಂಗ್ ಶೆಡ್ಡಿಗೆ ಹೋಗಿ, ಅಲ್ಲಿ ರಾಶಿ ಬಿದ್ದಿರುವ ಕಾಸ್ಟಿಂಗ್ ಎಣಿಸಿ ಬನ್ನಿ.

240 ಪೀಸ್ ಇದೆ ಅಂದುಕೊಳ್ಳೋಣ. ನಿಮ್ಮ ಹುಡುಗರು ದಿನಕ್ಕೆ 40 ತೆಗೆಯುತ್ತಾರೆ. ಹಾಗಾದರೆ ಇವತ್ತು ರಾಶಿಗೆ ಬಂದು ಬಿದ್ದ ಪೀಸಿಗೆ ಗ್ರೈಂಡರ್ ತಾಗುವುದು ಆರು ದಿನದ ಮೇಲೆ. ಇದಕ್ಕೆ ಕಂಪ್ಯೂಟರ್ ಬೇಡ, ಭಾಗಾಕಾರ ಸಾಕು. ಜಾನ್ ಲಿಟಲ್ ಎಂಬ ಅಮೆರಿಕದ ಪ್ರಾಧ್ಯಾಪಕರು 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಈಗ ಚಾರ್ಟ್ ನೋಡಿ: 20 ಪೀಸಿನ ಜಾಬ್‌ಗೆ ಫೆಟ್ಲಿಂಗ್ ಪಟ್ಟಿ ಅರ್ಧ ದಿನದ್ದು. ಸುಳ್ಳೇನಲ್ಲ, ಕೈ ಹಾಕಿದ ಮೇಲೆ ಅರ್ಧ ದಿನವೇ. ಕೈ ಹಾಕುವ ತನಕ ಕಾದ ಆರು ದಿನಕ್ಕೆ ಮಾತ್ರ ನಿಮ್ಮ ಚಾರ್ಟಿನಲ್ಲಿ ಪಟ್ಟಿಯೇ ಇಲ್ಲ.

ಇಂಥ ಒಂದು ಶೆಡ್ಡಿಗೆ ಜುಲೈನಲ್ಲಿ ಹೋಗಿದ್ದೆ. ರಾಶಿಯ ಅಡಿಯಲ್ಲಿದ್ದ ಪಂಪ್ ಹೌಸಿಂಗ್‌ಗಳಿಗೆ ಕೆಂಪು ತುಕ್ಕು ಹಿಡಿದು, ಸೀಮೆಸುಣ್ಣದಲ್ಲಿ ಬರೆದ ಹೀಟ್ (ಫರ್ನೇಸಿನಲ್ಲಿ ಒಂದು ಸಲಕ್ಕೆ ಕರಗಿಸಿದ ಲೋಹ) ನಂಬರ್ ಅರ್ಧ ಅಳಿಸಿತ್ತು. ಒಂದರ ಒಳಗೆ ಮಡಚಿಟ್ಟ ಜಾಬ್ ಕಾರ್ಡ್ ಇರಚಲಿಗೆ ನೆನೆದು ಹಪ್ಪಳದ ಹಿಟ್ಟಿನ ಹಾಗಾಗಿತ್ತು. ಆಫೀಸಿನ ಪರದೆಯಲ್ಲಿ ಅದೇ ಜಾಬ್ 'ಫೆಟ್ಲಿಂಗ್ 90 ಪರ್ಸೆಂಟ್'. ಯಾರು ಹಾಕಿದ್ದು ಅಂತ ಕೇಳಿದೆ. ಸೂಪರ್‌ವೈಸರ್ ಶಿಫ್ಟ್ ಮುಗಿಸಿ ಬಸ್ಸು ಹಿಡಿಯುವ ಮೊದಲು ಎಲ್ಲಕ್ಕೂ ಒಟ್ಟಿಗೆ ಹಾಕಿ ಹೋಗುತ್ತಾರಂತೆ. ಪರ್ಸೆಂಟ್ ಕೇಳುವ ಆ ಕಾಲಂ ಇವತ್ತೇ ತೆಗೆಸಿ. ಎಷ್ಟು ಪೀಸ್ ಆಯಿತು ಅಂತ ಮಾತ್ರ ಕೇಳಿ. ಪೀಸ್ ಎಣಿಸಬಹುದು, ಪರ್ಸೆಂಟ್ ಊಹಿಸಬೇಕು.

ಇನ್ನೊಂದು, ಸೆಟ್ಟಿಂಗ್. ಕೆಪಾಸಿಟಿ ಮಿತಿ ಹಾಕದಿದ್ದರೆ ಈ ಸಾಫ್ಟ್‌ವೇರ್‌ಗಳು ಒಂದೇ ಗ್ರೈಂಡರ್ ಮೇಲೆ ಒಂದೇ ಹೊತ್ತಿಗೆ ಮೂರು ಜಾಬ್ ಕೂರಿಸಿ ಹಸಿರು ತೋರಿಸುತ್ತವೆ. ನಿಮ್ಮದರಲ್ಲಿ ಆ ಮಿತಿ ಆಫ್ ಇದೆ ಎಂದು ಪಣ ಕಟ್ಟುತ್ತೇನೆ. ಆನ್ ಮಾಡಿದ ದಿನ ಅರ್ಧ ಪರದೆ ಕೆಂಪಾಯಿತು, ನೀವು ಗಾಬರಿಯಾದಿರಿ, ಹಾಕಿಕೊಟ್ಟವನು ಬಂದು 'ಸರಿ' ಮಾಡಿ ಹೋದ. ಅಲ್ಲವೇ? ಆ ಕೆಂಪೇ ನಿಜವಾಗಿತ್ತು.

ಪೋರಿಂಗನ್ನು, ಅಂದರೆ ಕರಗಿದ ಕಬ್ಬಿಣ ಅಚ್ಚಿಗೆ ಹೊಯ್ಯುವುದನ್ನು, ಜಾಬ್ ಲೆಕ್ಕದಲ್ಲಿ ಎಳೆಯಬೇಡಿ, ಹೀಟ್ ಲೆಕ್ಕದಲ್ಲಿ ಎಳೆಯಿರಿ. ಒಂದೇ ಗ್ರೇಡಿನ ನಾಲ್ಕು ಜಾಬ್ ಒಂದೇ ಹೀಟಿಗೆ ಕಾಯುತ್ತಿರುತ್ತವೆ, ಒಂದರ ಕೋರ್ (ಒಳಗಿನ ಟೊಳ್ಳಿಗೆ ಇಡುವ ಮರಳಿನ ಅಚ್ಚು) ಬರದಿದ್ದರೆ ಅದಷ್ಟೇ ಮುಂದಿನ ಹೀಟಿಗೆ ಬೀಳುತ್ತದೆ. ಮೋಲ್ಡ್ ಆರುವ ಹೊತ್ತಿಗೆ ಶಿಫ್ಟ್ ಕ್ಯಾಲೆಂಡರ್ ಹಾಕಬೇಡಿ. ಕಬ್ಬಿಣ ರಾತ್ರಿಯೂ ಆರುತ್ತದೆ, ಸಾಫ್ಟ್‌ವೇರ್ ಮಾತ್ರ ಎಂಟು ಗಂಟೆ ಶಿಫ್ಟಿನಲ್ಲಿ ಆರಿಸಿ ಮರುದಿನಕ್ಕೆ ದೂಡುತ್ತದೆ.

ಕ್ಯಾಲೆಂಡರ್ ವಿಷಯದಲ್ಲಿ ನಾನೂ ಎಡವಿದವನೇ. ಹೊಸದರಲ್ಲಿ ಒಂದು ಕಾರ್ಖಾನೆಗೆ ಪ್ಲಾನ್ ಹಾಕಿಕೊಟ್ಟಾಗ ಭಾನುವಾರ ಮಾತ್ರ ರಜೆ ಅಂತ ತುಂಬಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬೆ ಜಾತ್ರೆ ಆ ವಾರವೇ ಬಿತ್ತು. ಹದಿನೆಂಟು ಜನರಲ್ಲಿ ಬಂದವರು ಏಳು. ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದವನಿಗೆ ಇದು ಗೊತ್ತಾಗಲಿಲ್ಲವೇ ಎಂದು ಮಾಲೀಕರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯ ಹುಡುಗರಿದ್ದರೆ ಅಡಿಕೆ ಕೊನೆ ಕೊಯ್ಲಿನ ವಾರಗಳನ್ನೂ ಅವರನ್ನೇ ಕೇಳಿ ತುಂಬಿ. ತೋಟದ ಕೆಲಸ ನಿಮ್ಮ ಚಾರ್ಟಿಗೆ ಕಾಯುವುದಿಲ್ಲ.

ಈಗ ನಿಮಗೆ ಹಿಡಿಸದ ಮಾತು. ಶೆಡ್ಡಿನಲ್ಲಿ ಎರಡು ದಿನದ ಕೆಲಸಕ್ಕಿಂತ, ಅಂದರೆ 80 ಪೀಸಿಗಿಂತ ಹೆಚ್ಚು ಇದ್ದರೆ ಹೊಸ ಮೋಲ್ಡ್ ಬಿಡಬೇಡಿ. 'ಫರ್ನೇಸ್ ನಿಂತರೆ ನಷ್ಟ, ಕರೆಂಟಿನ ಡಿಮ್ಯಾಂಡ್ ಚಾರ್ಜ್ ಹೇಗೂ ಕಟ್ಟಬೇಕು' ಅನ್ನುತ್ತೀರಿ. ಕಟ್ಟಲೇಬೇಕು, ನಿಜ. ಆದರೆ ತುಕ್ಕು ಹಿಡಿದು ಕೂತ ಕಾಸ್ಟಿಂಗ್‌ಗೆ ಗಿರಾಕಿ ದುಡ್ಡು ಕೊಡುವುದಿಲ್ಲ, ಅದರೊಳಗಿನ ಸ್ಕ್ರ್ಯಾಪ್, ಕರೆಂಟಿಗೆ ನೀವು ಮಾತ್ರ ಆಗಲೇ ಕೊಟ್ಟಾಗಿದೆ. ಒಂದೇ ಸಲಕ್ಕೆ 240ರಿಂದ 80ಕ್ಕೆ ಇಳಿಸಲು ಹೋಗಬೇಡಿ, ನಾನು ಹೆದರುವ ಜಾತಿಯವನು. ವಾರಕ್ಕೆ 40 ಇಳಿಸಿ, ಜತೆಗೆ ಫೆಟ್ಲಿಂಗ್‌ಗೆ ಎರಡನೇ ಶಿಫ್ಟ್ ಹಾಕಲು ಜನ ಸಿಗುತ್ತಾರಾ ನೋಡಿ.

ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಈ ಪಟ್ಟಿಗಳನ್ನು ಬಳಕೆಗೆ ತಂದಾಗ ಅಂದುಕೊಂಡ ಕೆಲಸದ ಪಕ್ಕದಲ್ಲೇ ಆದ ಕೆಲಸವನ್ನೂ ಎಳೆಯುತ್ತಿದ್ದ. ಅದಕ್ಕೂ ಮೊದಲೇ, 1896ರಲ್ಲಿ, ಉಕ್ಕಿನ ರೋಲಿಂಗ್ ಮಿಲ್ಲುಗಳಲ್ಲಿ ದುಡಿದ ಪೋಲೆಂಡಿನ ಎಂಜಿನಿಯರ್ ಕರೋಲ್ ಅದಾಮಿಯೆಟ್ಸ್ಕಿ ಇಂಥದ್ದೇ ಚಿತ್ರ ರೂಪಿಸಿದ್ದ. ಬರೆದದ್ದು ಪೋಲಿಷ್, ರಷ್ಯನ್‌ನಲ್ಲಿ, ಹಾಗಾಗಿ ಹೆಸರು ಇನ್ನೊಬ್ಬನಿಗೆ ಹೋಯಿತು. ಭದ್ರಾವತಿ ಕಡೆಯವರಾದರೂ ಆತನನ್ನು ನೆನೆಯಬೇಕು.

ಪ್ರಶ್ನೆ: ಎಐ ಸಾಫ್ಟ್‌ವೇರ್ ಹಾಕಿಸಿದರೆ ಮೂರು ತಿಂಗಳಲ್ಲಿ ಉತ್ಪಾದನೆ ದುಪ್ಪಟ್ಟು ಅನ್ನುತ್ತಾರೆ. ನಂಬಬಹುದೇ?

ಇರುವ ಗ್ರೈಂಡರ್‌ಗಳು ರಾತ್ರೋರಾತ್ರಿ ಮರಿ ಹಾಕುವುದಾದರೆ ನಂಬಬಹುದು. ಡೆಮೊಗೆ ಬಂದವರು ತಂದ ಮಾದರಿ ಡೇಟಾ ನೋಡಬೇಡಿ. ನಿಮ್ಮ ಕಳೆದ ತಿಂಗಳ ಜಾಬ್ ಕಾರ್ಡುಗಳ ಕಟ್ಟನ್ನು, ಎಣ್ಣೆ ಕಲೆ ಸಮೇತ, ಕೈಗೆ ಕೊಡಿ. ಅರ್ಧಕ್ಕರ್ಧ ಜನ ಅಲ್ಲೇ ಎದ್ದು ಹೋಗುತ್ತಾರೆ.

ಪ್ರಶ್ನೆ: ಗ್ಯಾಂಟ್ ಒಳ್ಳೆಯದೋ, ಕಾನ್‌ಬಾನ್ (ಖರ್ಚಾದಷ್ಟನ್ನೇ ಕಾರ್ಡ್ ನೋಡಿ ಮತ್ತೆ ಮಾಡುವ ಪದ್ಧತಿ) ಒಳ್ಳೆಯದೋ?

ತಿಂಗಳು ತಿಂಗಳೂ ಅದೇ ಪಾರ್ಟ್ ಆದರೆ ಕಾನ್‌ಬಾನ್, ಪ್ರತಿ ಆರ್ಡರೂ ಬೇರೆಯಾದರೆ ಗ್ಯಾಂಟ್.

ಪ್ರಶ್ನೆ: ಎಕ್ಸೆಲ್ ಸಾಕಾಗದೇ?

ಮೂವತ್ತು ಜಾಬ್ ಒಳಗಿದ್ದು, ತುಂಬುವವರು ಒಬ್ಬರೇ ಆದರೆ ಧಾರಾಳ ಸಾಕು.

ಪ್ರಶ್ನೆ: ಚಾರ್ಟ್ ತೋರಿಸುವ ಟಿವಿಯನ್ನು ವಾಸ್ತು ಪ್ರಕಾರ ಯಾವ ದಿಕ್ಕಿನ ಗೋಡೆಗೆ ಹಾಕಬೇಕು?

ಫೆಟ್ಲಿಂಗ್ ಸೂಪರ್‌ವೈಸರ್ ಕಾಫಿ ಕುಡಿಯುವ ಜಾಗದ ಎದುರಿಗೆ. ಮಳೆ ಇರಚಲು ಹೊಡೆಯದಿದ್ದರೆ ಆಯಿತು.