‘ಹಲ್ಲಿಗೂ ಮಲೇರಿಯಾ’ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ನನಗೆ ತುಂಬಾ ಹಿಡಿಸಿದೆ, ಬಿಡಲು ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪ್ಯಾರಾ ತೆಗೆದುಬಿಡಿ. ‘ಪ್ರಕೃತಿಯ ಮಡಿಲಲ್ಲಿ ಎಷ್ಟೋ ವಿಸ್ಮಯಗಳಿವೆ’ ಎಂಬ ಸಾಲು ಯಾವ ಲೇಖನಕ್ಕಾದರೂ ಹೊಂದುತ್ತದೆ, ಹಾಗಾಗಿ ಇಲ್ಲಿ ಬೇಕಿಲ್ಲ. ಇನ್ನೊಂದು, ‘ಮನೆಯ ಹಲ್ಲಿಯಿಂದ ನಮಗೂ ಮಲೇರಿಯಾ ಬರಬಹುದೇ?’ ಎಂದು ಕೇಳಿ ಉತ್ತರವನ್ನು ಕೊನೆಯ ಪುಟಕ್ಕೆ ತಳ್ಳಿದ್ದೀರಿ. ಇದು ಸರಿಯಲ್ಲ. ಮಲೇರಿಯಾ ತರುವ ಪರಾವಲಂಬಿಯ ಹೆಸರು ಪ್ಲಾಸ್ಮೋಡಿಯಂ; ಹಲ್ಲಿಗಳ ರಕ್ತದಲ್ಲಿರುವ ಅದರ ಜಾತಿಗಳೇ ಬೇರೆ, ಅವು ಮನುಷ್ಯರಿಗೆ ಅಂಟುವುದಿಲ್ಲ. ಅದನ್ನು ಮೊದಲೇ, ಒಂದೇ ಸಾಲಿನಲ್ಲಿ ಹೇಳಿ. ಹೆದರಿಸಿ ಓದಿಸಿದರೆ ಓದಿದವರು ಹಲ್ಲಿ ಹೊಡೆಯಲು ಹೊರಡುತ್ತಾರೆ, ಅಲ್ವಾ?

ನಿಮ್ಮ ಲೇಖನದ ಜೀವ ಇರುವುದು ಸೇಂಟ್ ಮಾರ್ಟಿನ್ ದ್ವೀಪದ ಕಥೆಯಲ್ಲಿ. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ. ಒಂದು ಭಾಗ ಫ್ರಾನ್ಸಿನದು, ಇನ್ನೊಂದು ನೆದರ್‌ಲ್ಯಾಂಡ್ಸಿನದು. ಅಲ್ಲಿ ಹಲ್ಲಿಗಳದೇ ಒಂದು ಗುಂಪಾದ, ಎರಡು ಜಾತಿಯ ಅನೋಲ್‌ಗಳಿವೆ. ಗಿಂಗಿವೈನಸ್ ದ್ವೀಪದ ತುಂಬಾ ಇದೆ. ವಾಟ್ಸಿ (ಅಲ್ಲಿನದನ್ನು ಈಗ ಪೋಗಸ್ ಎನ್ನುತ್ತಾರೆ) ಹೆಚ್ಚಾಗಿ ನಡುವಿನ ಗುಡ್ಡಗಳಲ್ಲಿ ಮಾತ್ರ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಜೋಸ್ ಶಾಲ್ ಈ ಹಲ್ಲಿಗಳ ರಕ್ತ ಪರೀಕ್ಷಿಸಿ, ಕಂಡದ್ದನ್ನು 1992ರಲ್ಲಿ ಪ್ರಕಟಿಸಿದರು. ಪ್ಲಾಸ್ಮೋಡಿಯಂ ಅಜುರೋಫೈಲಂ ಎಂಬ ಪರಾವಲಂಬಿ ಗಿಂಗಿವೈನಸ್‌ಗೆ ಜಾಸ್ತಿ ತಗಲುತ್ತದೆ, ವಾಟ್ಸಿಗೆ ಅಪರೂಪ. ಗಿಂಗಿವೈನಸ್‌ನಲ್ಲಿ ಮಲೇರಿಯಾ ಇದ್ದ ಕಡೆ ವಾಟ್ಸಿಯೂ ಇತ್ತು. ಇಲ್ಲದ ಕಡೆ ಗಿಂಗಿವೈನಸ್ ಒಂದೇ.

ಎಷ್ಟು ಚೆನ್ನಾಗಿದೆ ನೋಡಿ! ಇದನ್ನು ನೀವು ಆರನೇ ಪ್ಯಾರಾದಲ್ಲಿ ಎರಡು ಸಾಲಿಗೆ ಮುಗಿಸಿದ್ದೀರಿ. ಮುಗಿಸಿದ್ದೂ ಹೀಗೆ: ‘ಬಲಶಾಲಿಯನ್ನು ರೋಗ ತಗ್ಗಿಸಿತು, ಬಡಪಾಯಿಗೆ ಪ್ರಕೃತಿ ನ್ಯಾಯ ಕೊಟ್ಟಿತು.’ ನನ್ನ ದೊಡ್ಡ ತಕರಾರು ಈ ಸಾಲಿನ ಮೇಲೆ. ಶಾಲ್ ಕೈಯಲ್ಲಿದ್ದದ್ದು ಒಂದು ನಕ್ಷೆ: ಯಾವ ಜಾಗದಲ್ಲಿ ಯಾವ ಹಲ್ಲಿ, ಯಾವ ಹಲ್ಲಿಯಲ್ಲಿ ಸೋಂಕು. ರೋಗ ಗಿಂಗಿವೈನಸ್‌ನ ಬಲ ಕುಗ್ಗಿಸುವುದರಿಂದ ವಾಟ್ಸಿ ಉಳಿದಿರಬಹುದು ಎನ್ನುವುದು ಆ ನಕ್ಷೆಯಿಂದ ಅವರು ಮಾಡಿದ ಊಹೆ. ಒಳ್ಳೆಯ ಊಹೆಯೇ. ಆದರೆ ಓದುಗರು ಬೇರೆ ಪ್ರಶ್ನೆಯನ್ನೂ ಕೇಳಬಹುದು. ಗುಡ್ಡದ ನೆರಳು, ತಂಪು ವಾಟ್ಸಿಗೂ ಬೇಕು, ರೋಗ ಹರಡುವ ಕೀಟಕ್ಕೂ ಬೇಕು ಎಂದಾದರೆ? ಆಗ ಎರಡೂ ಒಂದೇ ಜಾಗದಲ್ಲಿ ಸಿಗಲು ನ್ಯಾಯ ಅನ್ಯಾಯ ಏನೂ ಬೇಕಿಲ್ಲ. ಆ ಅನುಮಾನಕ್ಕೂ ಲೇಖನದಲ್ಲಿ ಜಾಗ ಕೊಡಿ.

ಊಹೆಗೆ ಬಲ ಕೊಡುವ ಸಂಗತಿಯನ್ನೂ ನೀವು ಬಿಟ್ಟಿದ್ದೀರಿ. ವಿಜ್ಞಾನಿಗಳಾದ ಸ್ಟೀಫನ್ ಪಕಾಲ ಮತ್ತು ಜೋನ್ ರಫ್‌ಗಾರ್ಡನ್ ಇದೇ ದ್ವೀಪದಲ್ಲಿ ಬೇಲಿ ಕಟ್ಟಿದ ಜಾಗಗಳಲ್ಲಿ ಈ ಅನೋಲ್‌ಗಳನ್ನು ಬಿಟ್ಟು ನೋಡಿದ್ದರು. ಇವೆರಡರ ನಡುವೆ ಪೈಪೋಟಿ ಜೋರಾಗಿದೆ ಎಂದು 1982ರಲ್ಲೇ ತೋರಿಸಿದ್ದರು. ಪೈಪೋಟಿ ನಿಜ, ಅದಕ್ಕೆ ಪ್ರಯೋಗದ ಆಧಾರವಿದೆ. ರೋಗದ ಪಾತ್ರಕ್ಕೆ ಇರುವುದು ನಕ್ಷೆಯ ಆಧಾರ. ಹೀಗೆ ಬಿಡಿಸಿ ಬರೆದರೆ ಓದುಗರು ನಿಮ್ಮನ್ನು ನಂಬುತ್ತಾರೆ.

ಇನ್ನು ಒಂದು ತಪ್ಪು, ಇದು ಸಣ್ಣದಲ್ಲ. ಸೋಂಕು ತಗಲಿದ ಅನೋಲ್‌ಗಳಲ್ಲಿ ಹಿಮೋಗ್ಲೋಬಿನ್ ಕಡಿಮೆಯಾಗುತ್ತದೆ, ಓಡುವ ಶಕ್ತಿ ಕುಗ್ಗುತ್ತದೆ, ಹೆಣ್ಣು ಕಡಿಮೆ ಮೊಟ್ಟೆ ಇಡುತ್ತದೆ ಎಂದಿದ್ದೀರಿ. ಇವು ಕ್ಯಾಲಿಫೋರ್ನಿಯಾದ ‘ಬೇಲಿ ಹಲ್ಲಿ’ (ಫೆನ್ಸ್ ಲಿಜರ್ಡ್) ಎಂಬ ಬೇರೆಯೇ ಜಾತಿಯಲ್ಲಿ ಕಂಡ ಸಂಗತಿಗಳು. ಅಲ್ಲಿನ ಪರಾವಲಂಬಿ ಪ್ಲಾಸ್ಮೋಡಿಯಂ ಮೆಕ್ಸಿಕಾನಂ. ಅದನ್ನು ಹರಡುವುದು ಸೊಳ್ಳೆಯೂ ಅಲ್ಲ, ಸ್ಯಾಂಡ್‌ಫ್ಲೈ ಎಂಬ ಸಣ್ಣ ನೊಣ. ಅಲ್ಲಿಯೂ ಶಾಲ್ ಅವರೇ ಕೆಲಸ ಮಾಡಿದ್ದರಿಂದ ಎರಡೂ ಕಲಸಿಹೋಗಿರಬೇಕು. ಹಲ್ಲಿ ಬೇರೆ, ಪರಾವಲಂಬಿ ಬೇರೆ, ಹವೆ ಬೇರೆ. ಒಂದರ ಕಷ್ಟವನ್ನು ಇನ್ನೊಂದಕ್ಕೆ ಅಂಟಿಸಬೇಡಿ.

ಕೆರಿಬಿಯನ್ನಿನದೇ ಇನ್ನೊಂದು ದ್ವೀಪ ಪ್ಯೂರ್ಟೊ ರಿಕೊದ ಎಲ್ ವೆರ್ಡೆ ಮಳೆಕಾಡಿನ ಅನೋಲ್‌ಗಳಲ್ಲಿ ಸುಮಾರು 30% ಸೋಂಕು ಎಂದು ಬರೆದು ಮುಂದೆ ಹೋಗಿದ್ದೀರಿ. ಅಂಕಿ ಸರಿ, ಆದರೆ ಅದು ಅಲ್ಲಿನ ಗಂಡ್ಲಾಕಿ ಎಂಬ ಒಂದು ಜಾತಿಯದು ಎಂದು ಹೇಳಿ. ಆದರೆ ಎಣಿಸಿದ್ದು ಹೇಗೆ? ಅದನ್ನೇ ಬರೆಯಿರಿ, ನಾನಂತೂ ಆಸೆಯಿಂದ ಓದುತ್ತೇನೆ. ಮರದ ಕಾಂಡದಿಂದ ಹಲ್ಲಿಯನ್ನು ಹಿಡಿಯುತ್ತಾರೆ. ಬೆರಳಿನ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಹರಡುತ್ತಾರೆ. ಜಿಮ್ಸಾ ಬಣ್ಣ ಹಾಕುತ್ತಾರೆ. ಆಮೇಲೆ ಮೈಕ್ರೋಸ್ಕೋಪಿನ ಮುಂದೆ ಕೂತು ಸಾವಿರಾರು ಕಣಗಳನ್ನು ನೋಡಬೇಕು. ನಮ್ಮ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಹಲ್ಲಿಯದಕ್ಕೆ ಇದೆ. ಮೊಟ್ಟೆಯಾಕಾರದ ಕಣ, ನಡುವೆ ಗಾಢ ಬಣ್ಣದ ನ್ಯೂಕ್ಲಿಯಸ್, ಪಕ್ಕದಲ್ಲಿ ಬಾಡಿಗೆ ಕೊಡದೆ ಕೂತವನ ಹಾಗೆ ಪರಾವಲಂಬಿ. ಸೋಂಕು ತೀರಾ ಕಡಿಮೆ ಇದ್ದರೆ ಕಣ್ಣಿಗೆ ತಪ್ಪಿಹೋಗುತ್ತದೆ, ಡಿಎನ್‌ಎ ಪರೀಕ್ಷೆಗೆ ಸಿಗುತ್ತದೆ.

ಡಿಎನ್‌ಎ ಎಂದಾಗ ನೆನಪಾಯಿತು, ಕಥೆಗೆ ಒಂದು ತಿರುವಿದೆ. ಅಜುರೋಫೈಲಂ ಕೆಂಪು ಕಣದಲ್ಲೂ ಬಿಳಿ ಕಣದಲ್ಲೂ ಇರುತ್ತದೆ ಎಂದುಕೊಂಡಿದ್ದರು. 2000ದಲ್ಲಿ ಸಂಶೋಧಕಿ ಸೂಸನ್ ಪರ್ಕಿನ್ಸ್ ಡಿಎನ್‌ಎ ನೋಡಿ, ಅದು ಒಂದಲ್ಲ ಎರಡು ಜಾತಿ ಎಂದು ತೋರಿಸಿದರು. ಒಂದು ಕೆಂಪು ಕಣದ್ದು, ಇನ್ನೊಂದು ಬಿಳಿ ಕಣದ್ದು. ಅಂದರೆ 1992ರ ನಕ್ಷೆಯಲ್ಲಿ ‘ಸೋಂಕಿದೆ’ ಎಂದು ಗುರುತು ಹಾಕಿದ ಹಲ್ಲಿಗಳಲ್ಲಿ ಯಾವುದು ಯಾವ ಜಾತಿಯದು ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ಲೇಖನವನ್ನು ಇಲ್ಲಿಗೆ ತಂದು ನಿಲ್ಲಿಸಬಹುದು.

ಚಿತ್ರವನ್ನೂ ಬದಲಿಸಿ. ನೀವು ಕಳಿಸಿದ್ದು ನಮ್ಮ ತೋಟದ ಓತಿಕ್ಯಾತ. ಗಂಟಲಿನ ಪದರ ಬಿಚ್ಚಿದ ಅನೋಲ್ ಚಿತ್ರ, ಅನುಮತಿ ಇರುವಂಥದ್ದು, ಹುಡುಕಿ.

ಸಾವಿರ ಪದದೊಳಗೆ ಇರಲಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ