ಎಂಟು ಸಾವಿರ ವೋಲ್ಟೂ ಮೂರು ವರ್ಷದ ಮಗಳೂ

‘ತೋಟಕ್ಕೆ ಕರೆಂಟ್ ಬೇಲಿ ಹಾಕಿಸಿದ್ದೇವೆ. 7 ವರ್ಷದ ಮಗ, 3 ವರ್ಷದ ಮಗಳು ಅಲ್ಲೇ ಆಡುತ್ತಾರೆ. ಮೆಷಿನ್ ಮೇಲೆ 8,000 ವೋಲ್ಟ್ ಅಂತ ಇದೆ. ಬೇಲಿಯಿಂದ ಪ್ರಾಣಕ್ಕೆ ಅಪಾಯವಿಲ್ಲ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಂಬಿ ಸುಮ್ಮನಿರಲಾ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಸುಮ್ಮನಿರಬೇಡಿ ತಾಯಿ. ಆ ಸಾಲು ನಮ್ಮ ಅವಸರದ್ದು. ಅರ್ಧ ಮಾತ್ರ ನಿಜ.

ನಿಜವಾದ ಅರ್ಧ ಇದು. ಕೊಲ್ಲುವುದು ಬರೀ ವೋಲ್ಟ್ ಅಲ್ಲ, ಎಷ್ಟು ಕರೆಂಟ್ ಎಷ್ಟು ಹೊತ್ತು ಮೈಯಲ್ಲಿ ಹರಿಯಿತು ಅನ್ನುವುದು. ಸರಿಯಾದ ಬೇಲಿ ಮೆಷಿನ್ ಸೆಕೆಂಡಿಗೆ ಸುಮಾರು ಒಂದು ಸಲ ‘ಟಿಕ್’ ಅಂತ ಏಟು ಕೊಡುತ್ತದೆ, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಎರಡು ಏಟಿನ ನಡುವೆ ತಂತಿ ಖಾಲಿ, ಕೈ ಕಿತ್ತುಕೊಳ್ಳಲು ಸಿಗುವುದು ಆ ಬಿಡುವೇ. ಮನೆಯ ಕರೆಂಟಿಗೆ ಆ ಬಿಡುವಿಲ್ಲ. ಸ್ನಾಯು ಬಿಗಿದು ಕೈ ತಂತಿಯನ್ನೇ ಹಿಡಿದುಬಿಡುತ್ತದೆ. ಮನೆ ಲೈನನ್ನು ನೇರ ಬೇಲಿಗೆ ಕೊಡುವವರಿದ್ದಾರಲ್ಲ, ಅದು ಬೇಲಿಯಲ್ಲ, ಕೊಲೆಯ ಸಲಕರಣೆ. ನಿಮ್ಮದರಲ್ಲಿ ಟಿಕ್ ಶಬ್ದ ಬರುತ್ತಿದೆಯಾ, ಏಟಿನ ಶಕ್ತಿ 5 ಜೂಲ್ ಮೀರದ ಪ್ರಮಾಣಿತ ಮೆಷಿನ್ನಾ, ಇವತ್ತೇ ನೋಡಿ.

ಬಿಟ್ಟುಹೋದ ಅರ್ಧಕ್ಕೆ ಒಂದು ಕೆಲಸ ಮಾಡಿ. ಮೆಷಿನ್ ಆಫ್ ಮಾಡಿ ಬೇಲಿ ಪಕ್ಕ ಮಂಡಿಯೂರಿ ಕೂತುಕೊಳ್ಳಿ. ನಿಮ್ಮ ಮೊಣಕಾಲಿಗೆ, ಸೊಂಟಕ್ಕೆ ತಾಗುತ್ತಿದ್ದ ತಂತಿ ಈಗ ಎಲ್ಲಿದೆ? ಕುತ್ತಿಗೆಗೆ, ಹಣೆಗೆ ಬಂತು ಅಲ್ವಾ? ಮಗಳು ಆ ಬೇಲಿಯನ್ನು ದಿನಾ ನೋಡುವುದು ಅಲ್ಲಿಂದ. ತಲೆ, ಕುತ್ತಿಗೆ, ಎದೆಗೆ ತಂತಿ ತಾಗಲೇಬಾರದು. ಇನ್ನು ಸಿಕ್ಕಿಹಾಕಿಕೊಳ್ಳುವುದು, ನನಗೆ ಜಾಸ್ತಿ ಭಯ ಇದರದ್ದೇ. ತಂತಿಗಳ ನಡುವೆ ನುಸುಳಲು ಹೋಗಿ ಫ್ರಾಕೋ ಕಾಲೋ ಸಿಕ್ಕಿಕೊಂಡರೆ ಮೊದಲ ಏಟಿಗೆ ಮುಗಿಯುವುದಿಲ್ಲ, ನಿಮಿಷಕ್ಕೆ ಹತ್ತಿರ ಹತ್ತಿರ 60 ಏಟು ಬೀಳುತ್ತಲೇ ಇರುತ್ತವೆ. ಮುಳ್ಳುತಂತಿಗೆ ಕರೆಂಟ್ ಕೊಡಬಾರದು ಅನ್ನುವುದು ಅದಕ್ಕೇ. ನೆಲ ಒದ್ದೆಯಾಗಿದ್ದು ಬರಿಗಾಲಿದ್ದರೆ ಏಟು ಇನ್ನೂ ಜೋರು.

ಆಡುವ ಜಾಗದ ಕಡೆ ಕರೆಂಟಿಲ್ಲದ ಜಾಲರಿ ಹಾಕಿಸಿ. ಅದರ ಸಂದಿಯಲ್ಲಿ ಕೈ ತೂರಿಸಿದರೂ ತಂತಿ ಎಟುಕಬಾರದು, ಅಷ್ಟು ದೂರ ಇರಲಿ. ಹಳದಿ ಬೋರ್ಡ್ ಬೇಕು, ದಾರಿಹೋಕರಿಗೆ. ನಿಮ್ಮ ಮಗಳಿಗೆ ಓದಲು ಬರುವುದಿಲ್ಲವಲ್ಲ!

ಮಗನಿಗೆ ‘ಈಗ ಆಫ್ ಇದೆ, ಮುಟ್ಟಬಹುದು’ ಅಂತ ಯಾವತ್ತೂ ಹೇಳಬೇಡಿ. ಇವತ್ತು ಮುಟ್ಟಿ ಏನೂ ಆಗದಿದ್ದರೆ ನಾಳೆಯೂ ಮುಟ್ಟುತ್ತಾನೆ. ತಂತಿ ಯಾವಾಗಲೂ ಹೊಡೆಯುತ್ತದೆ, ಚೆಂಡು ಆಚೆ ಹೋದರೆ ದೊಡ್ಡವರನ್ನು ಕರೆ, ಇಷ್ಟು ಸಾಕು. ಹೆದರಿಸಲು ಒಮ್ಮೆ ಮುಟ್ಟಿಸಿ ಪಾಠ ಕಲಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ಯಾರಾದರೂ ಸಿಕ್ಕಿಕೊಂಡರೆ ಮೊದಲು ಸ್ವಿಚ್, ಆಮೇಲೆ ಎಳೆಯುವುದು. ಅದು ಬೀಗ ಹಾಕಿದ ಪಂಪ್ ಮನೆಯೊಳಗಿದ್ದು, ಬೀಗದ ಕೈ ಪೇಟೆಗೆ ಹೋದವರ ಜೇಬಿನಲ್ಲಿದ್ದರೆ ಏನು ಮಾಡುತ್ತೀರಿ? ಜಾಲರಿ ಆಮೇಲೆ ಹಾಕಿಸಬಹುದು, ಸ್ವಿಚ್ಚನ್ನು ಈ ವಾರವೇ ಮಕ್ಕಳಿಗೆ ಎಟುಕದ, ದೊಡ್ಡವರಿಗೆಲ್ಲ ತಕ್ಷಣ ಸಿಗುವ ಗೋಡೆಗೆ ಹಾಕಿಸಿ.

— ಸಂಪಾದಕ